ಅಪಘಾತದ ಹಿಂದಿನ ಹತ್ತು ನಿಮಿಷ

1997ರ ಫೆಬ್ರುವರಿ 13ರ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಸಂಚಿಕೆಯಲ್ಲಿ ಆರು ಪುಟಗಳ ಒಂದು ಲೇಖನವಿತ್ತು. ಜಗತ್ತಿನ ವೈದ್ಯರು ತಪ್ಪದೆ ಓದುವ ಪತ್ರಿಕೆ ಅದು. ಆದರೆ ಈ ಲೇಖನದಲ್ಲಿ ರೋಗಾಣುವಿನ ಮಾತಿರಲಿಲ್ಲ, ಹೊಸ ಔಷಧಿಯ ಸುದ್ದಿಯೂ ಇರಲಿಲ್ಲ. ಕೆನಡಾದ ಟೊರಾಂಟೊ ನಗರದಲ್ಲಿ ಗಾಡಿ ಗುದ್ದಿಸಿಕೊಂಡಿದ್ದ 699 ಚಾಲಕರ ಮೊಬೈಲ್ ಬಿಲ್ಲುಗಳನ್ನು ಹರಡಿಕೊಂಡು ಇಬ್ಬರು ಲೆಕ್ಕ ಹಾಕಿದ್ದರು. ಒಬ್ಬರು ವೈದ್ಯರು, ಇನ್ನೊಬ್ಬರು ಸಂಖ್ಯಾಶಾಸ್ತ್ರಜ್ಞರು.

ಆ ಲೆಕ್ಕದಿಂದ ಎರಡು ಉತ್ತರ ಬಂದವು. ಫೋನಿನಲ್ಲಿ ಮಾತಾಡುತ್ತಿರುವಾಗ ಅಪಘಾತದ ಸಂಭವ ಸುಮಾರು ನಾಲ್ಕು ಪಟ್ಟು ಏರುತ್ತದೆ ಎಂಬುದು ಮೊದಲನೆಯದು. ಜಗತ್ತು ಇದನ್ನು ಒಪ್ಪಿತು, ಕಾನೂನನ್ನೂ ಮಾಡಿತು. ಫೋನು ಕೈಯಲ್ಲಿದ್ದರೂ ಅಷ್ಟೇ, ಕೈ ಖಾಲಿಯಿಟ್ಟು ಹ್ಯಾಂಡ್ಸ್-ಫ್ರೀಯಲ್ಲಿ ಮಾತಾಡಿದರೂ ಅಷ್ಟೇ ಎಂಬುದು ಎರಡನೆಯದು. ಇದನ್ನು ಜಗತ್ತು ಇಂದಿಗೂ ಪೂರ್ತಿಯಾಗಿ ಕಿವಿಗೆ ಹಾಕಿಕೊಂಡಿಲ್ಲ.

ಎರಡನೆಯ ಉತ್ತರದ ಸುಳಿವು ಸಿಗಲು ಶುರುವಾದದ್ದು ಮೊಬೈಲ್ ಫೋನು ಹುಟ್ಟುವುದಕ್ಕೂ ಮೊದಲು. ಅದರ ಮೊದಲ ತುದಿ ಮಳೆಯಲ್ಲಿನ ಒಂದು ಪ್ರಯಾಣದಲ್ಲಿದೆ.

ಮುಚ್ಚಿ ತೆರೆಯುವ ಹೆಲ್ಮೆಟ್

1960ರ ದಶಕದ ಆರಂಭ. ಜಾನ್ ಸೆಂಡರ್ಸ್ ಎಂಬ ಮನೋವಿಜ್ಞಾನಿ ಅಮೆರಿಕದ ಮಸ್ಯಾಚುಸೆಟ್ಸ್‌ನಲ್ಲಿ, ಬೋಲ್ಟ್ ಬೆರನೆಕ್ ಅಂಡ್ ನ್ಯೂಮನ್ ಎಂಬ ಸಂಶೋಧನಾ ಕಂಪನಿಯಲ್ಲಿ ಕೆಲಸದಲ್ಲಿದ್ದರು. ಒಮ್ಮೆ ಜೋರು ಮಳೆಯಲ್ಲಿ ಕಾರು ಓಡಿಸುತ್ತಿದ್ದಾಗ ಮುಂದಿದ್ದ ಲಾರಿಯ ಚಕ್ರಗಳು ಅವರ ಕಾರಿನ ಗಾಜಿಗೆ ನೀರು ರಾಚುತ್ತಿದ್ದವು. ವೈಪರ್ ಸರಿದಾಗ ರಸ್ತೆ ಒಂದು ಗಳಿಗೆ ಕಾಣುವುದು, ಮತ್ತೆ ಎಲ್ಲ ಮಸುಕಾಗುವುದು. ಕಾಣದ ಗಳಿಗೆ ಉದ್ದವಾದಷ್ಟೂ ತಮ್ಮ ಕಾಲು ತಾನಾಗಿಯೇ ವೇಗ ಇಳಿಸುತ್ತಿರುವುದು ಅವರ ಗಮನಕ್ಕೆ ಬಂತು. ಹಾಗಾದರೆ ಗಾಡಿ ಓಡಿಸಲು ರಸ್ತೆಯನ್ನು ಎಷ್ಟು ನೋಡಿದರೆ ಸಾಕು? ನೋಡದೆ ಎಷ್ಟು ಹೊತ್ತು ಸಾಗಬಹುದು?

ಇದನ್ನು ಅಳೆಯಲು ಅವರು ಒಂದು ಹೆಲ್ಮೆಟ್ ಮಾಡಿಸಿದರು. ಅದರ ಮುಂದೆ ಆಚೆಗೆ ಏನೂ ಕಾಣದ ಒಂದು ಮುಚ್ಚಳ. ಅದು ಕಣ್ಣಿನ ಮೇಲೆ ಇಳಿಯುತ್ತದೆ, ಅರೆಕ್ಷಣ ಏಳುತ್ತದೆ, ಮತ್ತೆ ಇಳಿಯುತ್ತದೆ. ಅದನ್ನು ತೊಟ್ಟು ಸೆಂಡರ್ಸ್ ಸ್ವತಃ ಹೆದ್ದಾರಿಯಲ್ಲಿ ಕಾರು ಓಡಿಸಿದರು. ಕೆಲವು ಸಲ ಮುಚ್ಚಳದ ಲಯವನ್ನು ಮೊದಲೇ ಗೊತ್ತುಮಾಡಿ, ಎಷ್ಟು ವೇಗದಲ್ಲಿ ಹೋಗಬಲ್ಲೆ ಎಂದು ಚಾಲಕ ತಾನೇ ನಿರ್ಧರಿಸುವಂತೆ ಬಿಟ್ಟರು. ಕೆಲವು ಸಲ ವೇಗವನ್ನು ಗೊತ್ತುಮಾಡಿ, ಮುಚ್ಚಳ ಏಳಿಸುವ ಸ್ವಿಚ್ಚನ್ನು ಚಾಲಕನ ಕಾಲಿಗೆ ಕೊಟ್ಟರು.

1967ರಲ್ಲಿ ಪ್ರಕಟವಾದ ಆ ಪ್ರಯೋಗದ ಸಾರ ಸರಳ. ನಾವು ರಸ್ತೆಯನ್ನು ಬಿಡದೆ ನೋಡುತ್ತಲೇ ಇರುವುದಿಲ್ಲ, ನೋಡಬೇಕಾಗಿಯೂ ಇಲ್ಲ. ಒಮ್ಮೆ ನೋಡಿದಾಗ ಮನಸ್ಸಿನಲ್ಲಿ ರಸ್ತೆಯ ಒಂದು ಚಿತ್ರ ಉಳಿಯುತ್ತದೆ, ಅದನ್ನು ನಂಬಿ ಸ್ವಲ್ಪ ದೂರ ಸಾಗುತ್ತೇವೆ. ಕ್ಷಣ ಕಳೆದಂತೆ ಆ ಚಿತ್ರ ಹಳತಾಗುತ್ತದೆ, ಅನುಮಾನ ಬೆಳೆಯುತ್ತದೆ. ತಡೆಯಲಾಗದಷ್ಟು ಬೆಳೆದಾಗ ಮತ್ತೆ ನೋಡುತ್ತೇವೆ. ವೇಗ ಹೆಚ್ಚಿದರೆ ಚಿತ್ರ ಬೇಗ ಹಳತಾಗುತ್ತದೆ, ತಿರುವು ಬಂದರೆ ಇನ್ನೂ ಬೇಗ. ನಾಲ್ಕು ದಿಕ್ಕಿನಿಂದ ಜನ, ಗಾಡಿ ನುಗ್ಗುವ ಕೂಡುರಸ್ತೆಯಲ್ಲಂತೂ ಅದರ ಆಯುಸ್ಸು ಎಷ್ಟಿರಬಹುದೆಂದು ಓದುಗರೇ ಊಹಿಸಬಹುದು.

ಈ ಪ್ರಯೋಗಕ್ಕೆ 2011ರಲ್ಲಿ, ಸೆಂಡರ್ಸ್ ತೊಂಬತ್ತು ದಾಟಿದ ಮೇಲೆ, 'ಇಗ್ ನೊಬೆಲ್' ಸಿಕ್ಕಿತು. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಬಹುಮಾನ ಅದು. ಮುಖಕ್ಕೆ ಮುಚ್ಚಳ ಬಡಿಸಿಕೊಳ್ಳುತ್ತ ಹೆದ್ದಾರಿಯಲ್ಲಿ ಸಾಗುವ ವಿಜ್ಞಾನಿಯನ್ನು ನೋಡಿದರೆ ನಗು ಬರುವುದು ಸಹಜ. ಆದರೆ ರಸ್ತೆ ಚಾಲಕನಿಂದ ಎಷ್ಟು ಗಮನ ಕೇಳುತ್ತದೆ ಎಂಬುದನ್ನು ಅಳೆಯಬಹುದು ಎಂದು ತೋರಿಸಿದ್ದು ಆ ಹೆಲ್ಮೆಟ್ಟೇ.

ಸೆಂಡರ್ಸ್ ಮುಚ್ಚಿದ್ದು ಕಣ್ಣನ್ನು. ಕಣ್ಣು ತೆರೆದೇ ಇದ್ದು ಮನಸ್ಸು ಮಾತ್ರ ಬೇರೆ ಕಡೆ ಹೋದರೆ ಏನಾಗುತ್ತದೆ ಎಂಬ ಪ್ರಶ್ನೆ ಬಾಕಿ ಉಳಿಯಿತು.

ಕೈ ತಪ್ಪಲಿಲ್ಲ, ಅಂದಾಜು ತಪ್ಪಿತು

ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಕಾರಿನಿಂದಲೇ ಫೋನ್ ಮಾಡುವ ಸೇವೆ 1946ರಲ್ಲೇ ಶುರುವಾಗಿತ್ತು. ದುಬಾರಿ ಸೌಕರ್ಯ, ಎಲ್ಲೋ ಕೆಲವರ ಬಳಿ ಇತ್ತು. ಅದರಿಂದ ಚಾಲನೆ ಕೆಡುತ್ತದೆಯೇ ಎಂದು ಮೊದಲು ಕಟ್ಟುನಿಟ್ಟಾಗಿ ಪರೀಕ್ಷಿಸಿದವರು ಇಂಗ್ಲೆಂಡಿನ ಕೇಂಬ್ರಿಜ್‌ನ ಅನ್ವಯಿಕ ಮನೋವಿಜ್ಞಾನ ಘಟಕದ ಐವನ್ ಬ್ರೌನ್ ಮತ್ತು ಸಂಗಡಿಗರು. ವರ್ಷ 1969. ಕೈಯಲ್ಲಿ ಹಿಡಿದು ಓಡಾಡುವ ಮೊಬೈಲಿನಿಂದ ಮೊದಲ ಕರೆ ಹೋಗಲು ಇನ್ನೂ ನಾಲ್ಕು ವರ್ಷ ಇತ್ತು.

ಅವರು 24 ಚಾಲಕರನ್ನು ಕರೆತಂದರು. ದಾರಿಯುದ್ದಕ್ಕೂ ಅಲ್ಲಲ್ಲಿ ಸಂದಿಗಳನ್ನು ಮಾಡಿಟ್ಟಿದ್ದರು. ಕೆಲವು ಸಂದಿಗಳಲ್ಲಿ ಕಾರು ಸಲೀಸಾಗಿ ತೂರುತ್ತಿತ್ತು, ಕೆಲವು ಕಾರಿಗಿಂತಲೂ ಕಿರಿದಾಗಿದ್ದವು. ತೂರುತ್ತದೆ ಅನ್ನಿಸಿದರೆ ಒಳಗೆ ನುಗ್ಗಬೇಕು, ಇಲ್ಲವೆಂದರೆ ಸುತ್ತಿ ಹೋಗಬೇಕು. ಈ ನಡುವೆ ಫೋನಿನಲ್ಲಿ ಒಂದು ಸಣ್ಣ ತರ್ಕದ ಪರೀಕ್ಷೆ ನಡೆಯುತ್ತಿತ್ತು. ಎರಡು ಅಕ್ಷರಗಳಲ್ಲಿ ಯಾವುದು ಮುಂದೆ, ಯಾವುದು ಹಿಂದೆ ಎಂದು ಒಂದು ವಾಕ್ಯ ಕೇಳಿಸುತ್ತದೆ. ಬಳಿಕ ಆ ಅಕ್ಷರಗಳು ಕೇಳಿಸುತ್ತವೆ. ವಾಕ್ಯ ಸರಿಯೋ ತಪ್ಪೋ ಹೇಳಬೇಕು.

ಫೋನಿದ್ದರೂ ಇಲ್ಲದಿದ್ದರೂ ಸ್ಟೀರಿಂಗ್ ಹಿಡಿತದಲ್ಲಿ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ವೇಗ ಸ್ವಲ್ಪ ಇಳಿಯಿತು. ಕೆಟ್ಟದ್ದು ನಿರ್ಧಾರ. ಫೋನಿನಲ್ಲಿದ್ದ ಚಾಲಕರು ಕಾರು ಹೋಗಲಾರದ ಸಂದಿಗಳನ್ನು ಹೋಗಬಹುದೆಂದು ಅಂದಾಜು ಮಾಡತೊಡಗಿದರು. ವರ್ಷಗಟ್ಟಲೆ ಓಡಿಸಿ ಕೈಕಾಲಿಗೆ ರೂಢಿಯಾದ ಕೆಲಸ ನಡೆದುಹೋಗುತ್ತದೆ. ಹೊಸದಾಗಿ ನೋಡಿ, ತೂಗಿ, ತೀರ್ಮಾನಿಸುವ ಕೆಲಸ ಕೆಡುತ್ತದೆ ಎಂದು ಬ್ರೌನ್ ತಂಡ ಬರೆಯಿತು.

ಈ ಫಲಿತಾಂಶವನ್ನು ನಮ್ಮ ಊರಿನ ಯಾವುದೇ ಸರ್ಕಲ್ಲಿಗೆ ತಂದು ನೋಡಿ. ಬಲಕ್ಕೆ ತಿರುಗಬೇಕು, ಎದುರಿನಿಂದ ಬಸ್ಸು ಬರುತ್ತಿದೆ. ಅದಕ್ಕಿಂತ ಮೊದಲು ದಾಟಬಹುದೇ? ಎಡಗಡೆಯಿಂದ ಸ್ಕೂಟರ್ ನುಸುಳುತ್ತಿದೆಯೇ? ಹಳದಿ ದೀಪ ಬಂತು, ನಿಲ್ಲಬೇಕೋ ಹೋಗಬೇಕೋ? ನೇರ ರಸ್ತೆಯಲ್ಲಿ ಕೈಗೆ ಕೆಲಸ ಹೆಚ್ಚು. ಕೂಡುರಸ್ತೆಯಲ್ಲಿ ಅಂದಾಜಿಗೆ ಕೆಲಸ ಹೆಚ್ಚು. ಫೋನು ಕಸಿಯುವುದು ಆ ಅಂದಾಜನ್ನೇ. ಫೋನಿನಲ್ಲಿ ಮಾತಾಡುತ್ತ ದಿನಾ ಕೆಲಸಕ್ಕೆ ಹೋಗಿಬರುವವರು 'ನನಗೇನೂ ಆಗಿಲ್ಲ' ಎಂದು ಪ್ರಾಮಾಣಿಕವಾಗಿಯೇ ಹೇಳುವುದು ಇದರಿಂದ. ಗಾಡಿ ನೆಟ್ಟಗೆ ಹೋಗುತ್ತಿರುವುದು ಅವರಿಗೆ ಕಾಣುತ್ತದೆ. ಕೆಟ್ಟ ಅಂದಾಜು ಕೆಡುಕಾಗಿ ಪರಿಣಮಿಸುವ ತನಕ ಕಾಣುವುದಿಲ್ಲ.

ನಿನ್ನೆ ಇದೇ ಹೊತ್ತಿಗೆ

ಪ್ರಯೋಗದ ಮೈದಾನ ಬೇರೆ, ನಿಜವಾದ ಬೀದಿ ಬೇರೆ. 1990ರ ದಶಕದಲ್ಲಿ ಮೊಬೈಲುಗಳು ಹೆಚ್ಚಿದಾಗ ಅವುಗಳಿಂದ ಬೀದಿಯಲ್ಲಿ ಅಪಘಾತ ಹೆಚ್ಚಾಯಿತೇ ಎಂದು ಹೇಳುವುದು ಕಷ್ಟವಾಯಿತು. ಫೋನಿದ್ದವರನ್ನೂ ಇಲ್ಲದವರನ್ನೂ ಹೋಲಿಸೋಣವೆಂದರೆ, ಆಗ ಫೋನಿದ್ದವರು ಬೇರೆ ರೀತಿಯ ಜನ: ಹಣವಂತರು, ಅವಸರದವರು, ಹೆಚ್ಚು ದೂರ ಓಡಾಡುವವರು. ಅಪಘಾತ ಹೆಚ್ಚು ಕಂಡರೂ ಕಾರಣ ಫೋನೋ ಆ ಸ್ವಭಾವವೋ ಹೇಳುವುದು ಹೇಗೆ?

ಟೊರಾಂಟೊದ ಸನ್ನಿಬ್ರೂಕ್ ಆಸ್ಪತ್ರೆಯಲ್ಲಿ ಡೊನಾಲ್ಡ್ ರೆಡೆಲ್ಮಿಯರ್ ಎಂಬ ವೈದ್ಯರಿದ್ದರು. ರಸ್ತೆ ಅಪಘಾತಗಳ ಗಾಯಾಳುಗಳು ಬಂದು ಸೇರುವ ದೊಡ್ಡ ಆಸ್ಪತ್ರೆ ಅದು. ವೈದ್ಯರ ಮತ್ತು ರೋಗಿಗಳ ನಿರ್ಧಾರಗಳಲ್ಲಿ ಅಡಗಿರುವ ತಪ್ಪುಗಳನ್ನು ಹುಡುಕುವುದು ಅವರ ಆಸಕ್ತಿ. ಹವಾಮಾನ ಬದಲಾದರೆ ಕೀಲುನೋವು ಹೆಚ್ಚುತ್ತದೆ ಎಂಬ ನಂಬಿಕೆಯನ್ನು ಮನೋವಿಜ್ಞಾನಿ ಆಮೋಸ್ ಟ್ವರ್ಸ್ಕಿ ಜೊತೆ ಸೇರಿ ಪರೀಕ್ಷಿಸಿ, ಆಧಾರವಿಲ್ಲವೆಂದು ತೋರಿಸಿದವರು. ಮೊಬೈಲಿನ ಪ್ರಶ್ನೆಗೆ ಅವರ ಜೊತೆಯಾದವರು ಟೊರಾಂಟೊ ವಿಶ್ವವಿದ್ಯಾಲಯದ ರಾಬರ್ಟ್ ಟಿಬ್ಶಿರಾನಿ, ಈಗ ಸಂಖ್ಯಾಶಾಸ್ತ್ರದಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು.

ಅವರ ಕೈಗೆ ಒಂದು ಹೊಸ ವಿಧಾನ ಸಿಕ್ಕಿತು. 1991ರಲ್ಲಿ ಮ್ಯಾಲ್ಕಮ್ ಮೆಕ್ಲೂರ್ ಎಂಬ ಸಾಂಕ್ರಾಮಿಕಶಾಸ್ತ್ರಜ್ಞರು ಅದನ್ನು ವಿವರಿಸಿದ್ದರು. ಹೃದಯಾಘಾತವಾದವರನ್ನು ಆಗದವರ ಜೊತೆ ಹೋಲಿಸುವ ಬದಲು ಅದೇ ವ್ಯಕ್ತಿಯ ಎರಡು ಹೊತ್ತುಗಳನ್ನು ಹೋಲಿಸುವುದು ಅದರ ತಿರುಳು. ಆಘಾತಕ್ಕೆ ಮುಂಚಿನ ಒಂದು ತಾಸಿನಲ್ಲಿ ಏನು ಮಾಡುತ್ತಿದ್ದಿರಿ? ಅದನ್ನು ಮಾಮೂಲಿ ದಿನ ಎಷ್ಟು ಸಲ ಮಾಡುತ್ತೀರಿ? ವಯಸ್ಸು, ಸ್ವಭಾವ, ಸಂಬಳ ಎರಡು ಹೊತ್ತಿನಲ್ಲೂ ಒಂದೇ ಆದ್ದರಿಂದ ಅವು ಲೆಕ್ಕದಿಂದ ತಾವಾಗಿಯೇ ಉದುರಿಹೋಗುತ್ತವೆ.

ಅಪಘಾತಕ್ಕೂ ಇದು ಸರಿಹೊಂದುತ್ತದೆ ಎಂಬುದೇ ರೆಡೆಲ್ಮಿಯರ್ ಮತ್ತು ಟಿಬ್ಶಿರಾನಿಗೆ ಹೊಳೆದದ್ದು. ಇಲ್ಲಿ ಇನ್ನೊಂದು ಅನುಕೂಲವಿತ್ತು. ಹೃದಯಾಘಾತದ ಮುಂಚೆ ಏನು ಮಾಡುತ್ತಿದ್ದೆ ಎಂಬುದು ರೋಗಿಯ ನೆನಪನ್ನು ಅವಲಂಬಿಸಿದೆ. ಚಾಲಕ ಯಾವಾಗ ಫೋನಿನಲ್ಲಿದ್ದ ಎಂಬುದು ಕಂಪನಿಯ ದಾಖಲೆಯಲ್ಲಿದೆ. 'ನಾನು ಮಾತಾಡುತ್ತಿರಲಿಲ್ಲ ಸಾರ್' ಎಂದು ಬಿಲ್ಲು ಸುಳ್ಳು ಹೇಳುವುದಿಲ್ಲ.

1994ರ ಜುಲೈಯಿಂದ 1995ರ ಆಗಸ್ಟ್‌ವರೆಗೆ, ಹದಿನಾಲ್ಕು ತಿಂಗಳ ಕಾಲ ಅವರು ಟೊರಾಂಟೊದ ಅಪಘಾತ ವರದಿ ಕೇಂದ್ರಕ್ಕೆ ಬಂದ ಚಾಲಕರನ್ನು ಒಪ್ಪಿಸಿ ಅವರ ಬಿಲ್ಲಿನ ದಾಖಲೆಗಳನ್ನು ಪಡೆದರು. ಯಾರಿಗೂ ಪೆಟ್ಟಾಗದೆ, ಗಾಡಿ ಮಾತ್ರ ಚೆನ್ನಾಗಿಯೇ ಜಖಂ ಆಗಿದ್ದ ಪ್ರಕರಣಗಳವು. ಅಪಘಾತದ ದಿನದ್ದು ಮತ್ತು ಅದರ ಹಿಂದಿನ ವಾರದ್ದು ಸೇರಿ 26,798 ಕರೆಗಳು. ಗುದ್ದಿದ ಹೊತ್ತನ್ನು ಚಾಲಕನ ಹೇಳಿಕೆ, ಪೊಲೀಸರ ದಾಖಲೆ ಮತ್ತು ತುರ್ತು ಸೇವೆಗೆ ಹೋದ ಕರೆ ಇವುಗಳಿಂದ ಗೊತ್ತುಮಾಡಿಕೊಂಡರು. (ಈ ಕೆಲಸ ಮುಗಿಯುತ್ತ ಬಂದಿದ್ದ 1995ರ ಜುಲೈ 31ರಂದೇ ಕಲ್ಕತ್ತೆಯಿಂದ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ದಿಲ್ಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖರಾಂ ಅವರಿಗೆ ಕರೆ ಮಾಡಿ ಭಾರತದ ಮೊಬೈಲ್ ಯುಗವನ್ನು ತೆರೆದದ್ದು.)

ಇನ್ನು ಲೆಕ್ಕ. ಅಪಘಾತಕ್ಕೆ ಮುಂಚಿನ ಹತ್ತು ನಿಮಿಷಗಳಲ್ಲಿ ಫೋನ್ ಬಳಸಿದ್ದವರು 170 ಮಂದಿ. ಹಿಂದಿನ ದಿನ ಅದೇ ಹತ್ತು ನಿಮಿಷಗಳಲ್ಲಿ ಬಳಸಿದ್ದವರು 37. ಎರಡು ದಿನವೂ ಬಳಸಿದ್ದವರು 13. ಎರಡೂ ಕಡೆ ಇರುವವರಿಂದ ಏನೂ ತಿಳಿಯದು, ಅವರನ್ನು ಕಳೆದರೆ 157 ಮತ್ತು 24 ಉಳಿಯುತ್ತವೆ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಆರೂವರೆ.

ಇಲ್ಲಿಗೇ ನಿಲ್ಲಿಸಿದ್ದರೆ ಲೇಖನ ಇನ್ನೂ ದೊಡ್ಡ ಸದ್ದು ಮಾಡುತ್ತಿತ್ತು. ಆದರೆ ಒಂದು ತೊಡಕಿತ್ತು. ಇವತ್ತು ಆ ಹೊತ್ತಿಗೆ ಚಾಲಕ ಗಾಡಿಯಲ್ಲಿದ್ದದ್ದು ಖಚಿತ. ನಿನ್ನೆ ಅದೇ ಹೊತ್ತಿಗೆ ಮನೆಯಲ್ಲೋ ಕಚೇರಿಯಲ್ಲೋ ಕುಳಿತಿದ್ದರೆ? ಹಾಗಿದ್ದಾಗ ಹೋಲಿಕೆ ಅನ್ಯಾಯದ್ದಾಗುತ್ತದೆ. ಅದಕ್ಕೇ ಅವರು ಬೇರೆಯಾಗಿ ಒಂದು ಸಮೀಕ್ಷೆ ಮಾಡಿ, ಮುನ್ನಾದಿನ ಅದೇ ಹೊತ್ತಿಗೆ ಓಡಿಸುತ್ತಿದ್ದವರು ಶೇಕಡಾ 65 ಎಂದು ಕಂಡುಕೊಂಡರು. ಆರೂವರೆಯನ್ನು ಅದಕ್ಕೆ ತಕ್ಕಂತೆ ತಗ್ಗಿಸಿದಾಗ ಬಂದದ್ದು 4.3. ರಕ್ತದಲ್ಲಿ ಕಾನೂನಿನ ಮಿತಿಯ ಅಂಚಿನವರೆಗೆ ಮದ್ಯವಿಟ್ಟುಕೊಂಡು ಓಡಿಸುವವನ ಅಪಾಯಕ್ಕೆ ಹತ್ತಿರದ ಅಂಕಿ ಅದು.

ಕರೆ ಅಪಘಾತಕ್ಕೆ ಹತ್ತಿರವಾದಷ್ಟೂ ಅಪಾಯ ಹೆಚ್ಚಿತ್ತು. ಕರೆ ಮುಗಿದು ಕಾಲು ಗಂಟೆ ದಾಟಿದ್ದರೆ ಅಪಾಯ ಹೆಚ್ಚುಕಡಿಮೆ ಮಾಮೂಲಿಗೆ ಇಳಿದಿತ್ತು. ಹ್ಯಾಂಡ್ಸ್-ಫ್ರೀ ಇಟ್ಟುಕೊಂಡಿದ್ದವರನ್ನು ಬೇರೆ ಮಾಡಿ ನೋಡಿದಾಗ ಅವರಿಗೆ ಯಾವ ರಕ್ಷಣೆಯೂ ಸಿಕ್ಕಂತೆ ಕಾಣಲಿಲ್ಲ. ಫೋನಿಗೆ ಸಲ್ಲಬೇಕಾದ ಹೆಗ್ಗಳಿಕೆಯನ್ನೂ ಅವರು ಮುಚ್ಚಿಡಲಿಲ್ಲ: ಗುದ್ದಿದ ಮೇಲೆ ನೆರವಿಗೆ ಕರೆಯಲು ಅದೇ ಫೋನನ್ನು ಬಳಸಿದವರು ಶೇಕಡಾ 39.

2005ರಲ್ಲಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಇದೇ ವಿಧಾನ ಹಿಡಿದು, ಈ ಬಾರಿ ಆಸ್ಪತ್ರೆಗೆ ಬಂದ 456 ಗಾಯಾಳು ಚಾಲಕರ ಮೇಲೆ ಮತ್ತೆ ಲೆಕ್ಕ ಹಾಕಿದರು. ಅಲ್ಲೂ ಬಂದದ್ದು ನಾಲ್ಕು ಪಟ್ಟು. ಅಲ್ಲೂ ಹ್ಯಾಂಡ್ಸ್-ಫ್ರೀ ಬಳಸಿದವರು ತಪ್ಪಿಸಿಕೊಳ್ಳಲಿಲ್ಲ.

ಕಂಡೂ ಕಾಣದ ದೀಪ

ಅಪಾಯ ಇದೆಯೆಂದು ಬಿಲ್ಲು ಹೇಳಿತು, ಏಕೆ ಎಂದು ಹೇಳಲಿಲ್ಲ. ಕೈ ಖಾಲಿ, ಕಣ್ಣು ರಸ್ತೆಯ ಮೇಲೆ. ಮತ್ತೆ ತಪ್ಪುತ್ತಿರುವುದು ಏನು?

ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಡೇವಿಡ್ ಸ್ಟ್ರೇಯರ್ ಇದನ್ನು ಬಿಡಿಸಲು ಹೊರಟರು. 2001ರಲ್ಲಿ ಪ್ರಕಟವಾದ ಅವರ ಮೊದಲ ಪ್ರಯೋಗದಲ್ಲಿ ಕಾರೇ ಇರಲಿಲ್ಲ. ವಿದ್ಯಾರ್ಥಿಗಳು ಪರದೆಯ ಮೇಲೆ ಓಡಾಡುವ ಗುರಿಯೊಂದನ್ನು ಜಾಯ್‌ಸ್ಟಿಕ್ಕಿನಿಂದ ಹಿಂಬಾಲಿಸಬೇಕು. ನಡುನಡುವೆ ದೀಪ ಮಿನುಗುತ್ತದೆ, ಕೆಂಪಾದರೆ ಗುಂಡಿ ಒತ್ತಬೇಕು. ಕೆಲವರು ಫೋನಿನಲ್ಲಿ ಹರಟಿದರು. ಪ್ರಯೋಗ ನಡೆದಾಗ ಅಲ್ಲಿ ಬಿಸಿಬಿಸಿಯಾಗಿದ್ದ ಕ್ಲಿಂಟನ್ ಮಹಾಭಿಯೋಗ ಮತ್ತು ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್ ಲಂಚದ ಹಗರಣ ಮಾತಿನ ವಿಷಯ. ಇನ್ನು ಕೆಲವರು ರೇಡಿಯೊ ಅಥವಾ ಧ್ವನಿಪುಸ್ತಕ ಕೇಳಿದರು. ರೇಡಿಯೊ ಕೇಳಿದವರಿಗೆ ಏನೂ ಆಗಲಿಲ್ಲ. ಫೋನಿನಲ್ಲಿದ್ದವರು ಸುಮಾರು ಎರಡು ಪಟ್ಟು ಕೆಂಪು ದೀಪಗಳನ್ನು ತಪ್ಪಿಸಿಕೊಂಡರು, ಕಂಡ ದೀಪಕ್ಕೂ ತಡವಾಗಿ ಗುಂಡಿ ಒತ್ತಿದರು. ಫೋನು ಕೈಯಲ್ಲಿದೆಯೋ ಇಲ್ಲವೋ ಎಂಬುದರಿಂದ ವ್ಯತ್ಯಾಸವಾಗಲಿಲ್ಲ.

ಕೇಳುವುದು ಕಷ್ಟವೋ, ಮಾತಾಡುವುದು ಕಷ್ಟವೋ? ಮುಂದಿನ ಸುತ್ತಿನಲ್ಲಿ ಅದನ್ನೂ ಬೇರ್ಪಡಿಸಿದರು. ಒಂದು ಗುಂಪು ಫೋನಿನಲ್ಲಿ ಕೇಳಿದ ಪದವನ್ನು ಹಾಗೆಯೇ ಮರಳಿ ಹೇಳಬೇಕು. ಇನ್ನೊಂದು ಗುಂಪಿಗೆ ನಮ್ಮ ಅಂತ್ಯಾಕ್ಷರಿಯ ಆಟ: ಕೇಳಿದ ಪದದ ಕೊನೆಯ ಅಕ್ಷರದಿಂದ ಹೊಸ ಪದ ಹುಟ್ಟಿಸಬೇಕು. ಮರಳಿ ಹೇಳಿದವರ ಕೈ ಕೆಡಲಿಲ್ಲ. ಅಂತ್ಯಾಕ್ಷರಿ ಆಡಿದವರ ಕೈ ಕೆಟ್ಟಿತು. ನಾಲಗೆ, ಕಿವಿ ಎರಡೂ ನಿರಪರಾಧಿಗಳು ಎಂದಾಯಿತು. ಮುಂದಿನ ಮಾತನ್ನು ಹುಡುಕಲು ಮನಸ್ಸು ಒಳಗಿಳಿಯುತ್ತದಲ್ಲ, ಆ ಹೊತ್ತಿನಲ್ಲೇ ದೀಪ ಕೆಂಪಾದದ್ದು ತಪ್ಪಿಹೋಗುತ್ತದೆ.

2003ರಲ್ಲಿ ಸ್ಟ್ರೇಯರ್ ತಂಡ ಚಾಲಕರನ್ನು ಕಾರಿನ ಸಿಮ್ಯುಲೇಟರಿನಲ್ಲಿ ಕೂರಿಸಿ, ಕಣ್ಣು ಎಲ್ಲೆಲ್ಲಿ ನಿಲ್ಲುತ್ತದೆ ಎಂದು ದಾಖಲಿಸುವ ಸಾಧನ ಜೋಡಿಸಿತು. ದಾರಿಬದಿಯ ಫಲಕಗಳನ್ನು ಆಮೇಲೆ ತೋರಿಸಿ 'ಇದು ಕಂಡಿತೇ?' ಎಂದು ಕೇಳಿದರು. ಕಣ್ಣು ನೆಟ್ಟಗೆ ನಿಂತು ನೋಡಿದ್ದ ಫಲಕಗಳನ್ನೂ, ಹ್ಯಾಂಡ್ಸ್-ಫ್ರೀ ಮಾತಿನಲ್ಲಿದ್ದವರು ಗುರುತಿಸಿದ್ದು ಉಳಿದವರ ಹೆಚ್ಚುಕಡಿಮೆ ಅರ್ಧದಷ್ಟು. ಕಣ್ಣಿಗೆ ಬಿದ್ದದ್ದು ಮನಸ್ಸಿಗೆ ತಲುಪಿರಲಿಲ್ಲ. ಚೆಂಡಾಡುವವರ ನಡುವೆ ಗೊರಿಲ್ಲಾ ವೇಷದವರು ನಡೆದುಹೋದರೂ, ಚೆಂಡು ಕೈ ಬದಲಿಸುವುದನ್ನು ಎಣಿಸುತ್ತಿದ್ದವರಲ್ಲಿ ಅರ್ಧ ಜನ ಗಮನಿಸಲಿಲ್ಲವೆಂದು ಮನೋವಿಜ್ಞಾನಿಗಳಾದ ಸೈಮನ್ಸ್ ಮತ್ತು ಶಾಬ್ರಿ 1999ರಲ್ಲಿ ತೋರಿಸಿದ್ದ ಕುರುಡು ಇದೇ. ಸೆಂಡರ್ಸ್ ಹೆಲ್ಮೆಟ್ಟಿನ ಮುಚ್ಚಳದಿಂದ ಮಾಡಿದ್ದನ್ನು ಮಾತು ಒಳಗಿನಿಂದ ಮಾಡುತ್ತದೆ. ಮುಚ್ಚಿದ್ದು ಚಾಲಕನಿಗೇ ಗೊತ್ತಾಗುವುದಿಲ್ಲ ಎಂಬುದಷ್ಟೇ ಹೆಚ್ಚುವರಿ ಅಪಾಯ.

ಕೂಡುರಸ್ತೆಯಲ್ಲಿ ಇದರ ರೂಪ ಹೇಗಿರುತ್ತದೆ ಎಂದು 2002ರಲ್ಲಿ ಕೆನಡಾದ ಸಾರಿಗೆ ಇಲಾಖೆಯ ಸಂಶೋಧಕರು ನಿಜವಾದ ನಗರದ ಬೀದಿಗಳಲ್ಲೇ ನೋಡಿದರು. ಹ್ಯಾಂಡ್ಸ್-ಫ್ರೀಯಲ್ಲಿ ಬಾಯಿಲೆಕ್ಕ ಮಾಡುತ್ತ ಓಡಿಸಿದವರ ನೋಟ ನಡುವಿಗೆ ಕುಗ್ಗಿತು. ಎಡಬಲ ನೋಡುವುದು, ಕನ್ನಡಿ ನೋಡುವುದು, ಸಿಗ್ನಲ್ ನೋಡುವುದು ಇವೆಲ್ಲ ಇಳಿದವು. ಕೆಲವರು ಕೆಲವನ್ನು ಪೂರ್ತಿ ಬಿಟ್ಟೇಬಿಟ್ಟರು. ಅಡ್ಡದಿಂದ ಬರುವ ಗಾಡಿ, ಜೀಬ್ರಾ ಪಟ್ಟಿಗೆ ಕಾಲಿಡುವ ಮಗು ಇರುವುದು ಆ ಕುಗ್ಗಿದ ನೋಟದ ಹೊರಗೆ.

2006ರಲ್ಲಿ ಸ್ಟ್ರೇಯರ್ ತಂಡ 40 ಮಂದಿಯನ್ನು ಒಮ್ಮೆ ಕುಡಿಸಿ, ಒಮ್ಮೆ ಫೋನಿನಲ್ಲಿ ಮಾತಾಡಿಸಿ, ಒಮ್ಮೆ ಸುಮ್ಮನೆ ಸಿಮ್ಯುಲೇಟರ್ ಓಡಿಸಲು ಹಚ್ಚಿತು. ರಕ್ತದಲ್ಲಿ ಮದ್ಯ ಅಮೆರಿಕದ ಮಿತಿಯಾದ ಶೇಕಡಾ 0.08. ಮುಂದಿನ ಕಾರಿಗೆ ಗುದ್ದಿದವರು ಮೂವರು, ಮೂವರೂ ಗುದ್ದಿದ್ದು ಫೋನಿನಲ್ಲಿದ್ದಾಗ. ಕುಡಿದಾಗ ಯಾರೂ ಗುದ್ದಲಿಲ್ಲ. ಕುಡಿದು ಓಡಿಸಬಹುದು ಎಂದು ಇದರರ್ಥವಲ್ಲ. ಕುಡಿದವನನ್ನು ಕಂಡರೆ ಸಿಡಿಯುವ ನಾವು ಫೋನಿನವನನ್ನು ಹೇಗೆ ಸಹಿಸುತ್ತೇವೆ ಎಂಬ ಪ್ರಶ್ನೆ ಅದು.

ಪಕ್ಕದ ಸೀಟಿನಲ್ಲಿ ಕುಳಿತವರು

ಇಷ್ಟಾದ ಮೇಲೆ ಎಲ್ಲರೂ ಎತ್ತುವ ಆಕ್ಷೇಪ ಒಂದಿತ್ತು. ಪಕ್ಕದಲ್ಲಿ ಕುಳಿತವರ ಜೊತೆ ಮಾತಾಡುವುದಿಲ್ಲವೇ? ಅದೂ ಮಾತೇ ತಾನೆ?

2008ರಲ್ಲಿ ಅದೇ ತಂಡ ಸ್ನೇಹಿತರನ್ನು ಜೋಡಿಯಾಗಿ ಕರೆಸಿತು. ಹೆದ್ದಾರಿಯಲ್ಲಿ ಸಾಗಿ ಗೊತ್ತಾದ ಕಡೆ ವಿಶ್ರಾಂತಿ ತಾಣಕ್ಕೆ ಹೊರಳಬೇಕು. ಸ್ನೇಹಿತ ಪಕ್ಕದಲ್ಲಿ ಕುಳಿತು ಮಾತಾಡಿದಾಗ ಶೇಕಡಾ 88 ಮಂದಿ ಸರಿಯಾಗಿ ಹೊರಳಿದರು. ಸ್ನೇಹಿತ ಫೋನಿನಲ್ಲಿ ಮಾತಾಡಿದಾಗ ಅರ್ಧ ಜನ ತಿರುವು ದಾಟಿ ಮುಂದೆ ಹೋಗಿಬಿಟ್ಟರು.

ಸಂಭಾಷಣೆಗಳ ದಾಖಲೆಯಲ್ಲಿ ಕಾರಣವೂ ಸಿಕ್ಕಿತು. ಪಕ್ಕದಲ್ಲಿ ಕುಳಿತವರಿಗೂ ರಸ್ತೆ ಕಾಣುತ್ತದೆ. ಸಂಚಾರ ದಟ್ಟವಾದಾಗ ಅವರ ಮಾತು ಸರಳವಾಗುತ್ತದೆ, ರಸ್ತೆಯ ಕಡೆಗೇ ಹೊರಳುತ್ತದೆ. 'ನಿಧಾನ, ಮುಂದೆ ಹಂಪ್ ಇದೆ', 'ಎಡಕ್ಕೆ ಆಟೊ ಬಂತು ನೋಡ್ರಿ' ಎನ್ನುತ್ತಾರೆ. ಸರ್ಕಲ್ ಬಂದರೆ ಅರ್ಧ ಕತೆಯನ್ನು ಅಲ್ಲೇ ನಿಲ್ಲಿಸುತ್ತಾರೆ. ಫೋನಿನ ಆ ತುದಿಯವರು ಅಡುಗೆಮನೆಯಲ್ಲಿದ್ದಾರೆ. ಇಲ್ಲಿ ಹಳದಿ ದೀಪ ಬಿದ್ದದ್ದು ಅವರಿಗೆ ಗೊತ್ತಿಲ್ಲ. ಚಾಲಕನಿಂದ ಉತ್ತರ ತಡವಾದರೆ 'ಹಲೋ, ಕೇಳಿಸ್ತಿದೆಯಾ?' ಎಂದು ಇನ್ನಷ್ಟು ಒತ್ತುತ್ತಾರೆ.

ತಕರಾರು ಮತ್ತು ಕಾನೂನು

ಈ ಕತೆ ಎಲ್ಲರೂ ತಲೆಯಾಡಿಸುವಲ್ಲಿಗೆ ಮುಗಿದಿಲ್ಲ. ವರ್ಜೀನಿಯಾ ಟೆಕ್ ಸಂಸ್ಥೆಯವರು ನೂರು ಕಾರುಗಳಿಗೆ ಕ್ಯಾಮೆರಾ ಜೋಡಿಸಿ, ಜನ ತಮ್ಮ ಪಾಡಿಗೆ ಓಡಿಸುವುದನ್ನು ಸುಮಾರು ಒಂದು ವರ್ಷ ಚಿತ್ರೀಕರಿಸಿದರು. 2006ರಲ್ಲಿ ಬಂದ ಅದರ ಫಲಿತಾಂಶದಂತೆ ಅಪಘಾತಗಳಲ್ಲಿ ಸುಮಾರು ಶೇಕಡಾ 80ರಲ್ಲಿ ಚಾಲಕ ಮುಂಚಿನ ಮೂರು ಸೆಕೆಂಡಿನೊಳಗೆ ಮುಂದಿನ ರಸ್ತೆಯಿಂದ ಗಮನ ಸರಿಸಿದ್ದ. 2009ರಲ್ಲಿ ಅವರು ಲಾರಿ ಚಾಲಕರ ಮೇಲೆ ನಡೆಸಿದ ಅಧ್ಯಯನದಲ್ಲಿ ಸಂದೇಶ ಟೈಪ್ ಮಾಡುವುದು ಅಪಾಯವನ್ನು 23 ಪಟ್ಟು ಏರಿಸಿತ್ತು. ಆದರೆ ಹ್ಯಾಂಡ್ಸ್-ಫ್ರೀಯಲ್ಲಿ ಬರಿಯ ಮಾತು ಅಪಾಯ ಹೆಚ್ಚಿಸಿದಂತೆ ಅವರ ಕ್ಯಾಮೆರಾಗಳಲ್ಲಿ ಕಾಣಲಿಲ್ಲ. ಟೊರಾಂಟೊದ ನಾಲ್ಕು ಪಟ್ಟು ಎಂಬ ಅಂಕಿ ಹೆಚ್ಚಾಯಿತು, 'ನಿನ್ನೆ ಓಡಿಸುತ್ತಿದ್ದನೇ' ಎಂಬ ತಿದ್ದುಪಡಿ ಸಾಲದು ಎಂಬ ವಾದವೂ 2012ರಲ್ಲಿ ಬಂತು.

ತಕರಾರು ಗಂಭೀರವಾದದ್ದೇ. ಆದರೆ ಎರಡೂ ಕಡೆಯವರು ನೋಡುತ್ತಿರುವ ರಸ್ತೆ ಬೇರೆಬೇರೆ. ಉದ್ದದ ಹೆದ್ದಾರಿಯಲ್ಲಿ ರಾತ್ರಿಯಿಡೀ ಓಡಿಸುವ ಲಾರಿ ಚಾಲಕನನ್ನು ಮಾತು ನಿದ್ದೆಯಿಂದ ಉಳಿಸಬಹುದು. ಬ್ರೌನ್ ಪರೀಕ್ಷಿಸಿದ್ದು ಸಂದಿಯನ್ನು, ಸ್ಟ್ರೇಯರ್ ಪರೀಕ್ಷಿಸಿದ್ದು ಥಟ್ಟನೆ ಬೀಳುವ ಕೆಂಪು ದೀಪವನ್ನು. ಎಣಿಸದೇ ಇದ್ದದ್ದು ಎದುರಾಗುವ ಕಡೆ, ಅಂದರೆ ನಗರದ ಕೂಡುರಸ್ತೆಯಲ್ಲಿ, ಮಾತಿನ ಬೆಲೆ ದುಬಾರಿ. ನಮ್ಮ ನಗರಗಳಲ್ಲಿ ಎಣಿಸದೇ ಇದ್ದದ್ದು ಎದುರಾಗದ ರಸ್ತೆ ಯಾವುದಿದೆ?

ಕಾನೂನು ಮಾತ್ರ ಮೊದಲ ಉತ್ತರದ ಹತ್ತಿರವೇ ನಿಂತಿತು. 2001ರಲ್ಲಿ ನ್ಯೂಯಾರ್ಕ್ ರಾಜ್ಯ, 2003ರಲ್ಲಿ ಬ್ರಿಟನ್ ನಿಷೇಧಿಸಿದ್ದು ಕೈಯಲ್ಲಿ ಹಿಡಿದ ಫೋನನ್ನು. 2019ರಲ್ಲಿ ತಿದ್ದುಪಡಿಯಾದ ನಮ್ಮ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ ಹೇಳುವುದೂ ಕೈಯಲ್ಲಿ ಹಿಡಿದ ಸಾಧನದ ಬಗ್ಗೆಯೇ. ಕಾನೂನಿನ ಕಷ್ಟ ಅರ್ಥವಾಗುವಂಥದ್ದು. 2022ರ ಡಿಸೆಂಬರಿನಲ್ಲಿ ಬೆಂಗಳೂರಿನ 50 ಜಂಕ್ಷನ್‌ಗಳಲ್ಲಿ ಶುರುವಾದ ಕ್ಯಾಮೆರಾ ವ್ಯವಸ್ಥೆ ಕೆಂಪು ದೀಪ ದಾಟಿದವರನ್ನು, ಕಿವಿಗೆ ಫೋನ್ ಹಚ್ಚಿದವರನ್ನು ಹಿಡಿಯಬಲ್ಲದು. ಮನಸ್ಸು ಎಲ್ಲಿದೆಯೆಂದು ಫೋಟೊ ತೆಗೆಯಲು ಬರುವುದಿಲ್ಲ. ಹೀಗಾಗಿ ಬ್ಲೂಟೂತ್ ಸಿಕ್ಕಿಸಿಕೊಂಡವರು, ಹೆಲ್ಮೆಟ್ಟಿನೊಳಗೆ ಫೋನ್ ತುರುಕಿಕೊಂಡ ಬೈಕಿನವರು ತಾವು ಸುರಕ್ಷಿತರೆಂದೇ ನಂಬಿದ್ದಾರೆ. ದೇಶದ ರಸ್ತೆಗಳಲ್ಲಿ 2022ರ ಒಂದೇ ವರ್ಷದಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಎಷ್ಟು ಮಂದಿಯ ಸಾವಿನ ಹಿಂದೆ ಒಂದು ಅರ್ಧಕ್ಕೆ ನಿಂತ ಮಾತಿತ್ತು ಎಂಬುದು ಎಫ್‌ಐಆರ್‌ನಲ್ಲಿ ಬರುವುದು ಅಪರೂಪ. ಅಪಘಾತದ ಹಿಂದಿನ ಹತ್ತು ನಿಮಿಷದ ಬಿಲ್ಲನ್ನು ಪ್ರತಿ ತನಿಖೆಯಲ್ಲೂ ತರಿಸಿ ನೋಡುವ ಪದ್ಧತಿ ಬಂದರೆ ಅಷ್ಟಾದರೂ ತಿಳಿದೀತು.

ಕಾನೂನು ಮುಟ್ಟಲಾಗದ ಕಡೆ ಈ ಸಂಶೋಧನೆಯೇ ಇನ್ನೊಂದು ದಾರಿ ತೋರಿಸುತ್ತದೆ. ಫೋನ್ ಮಾತಿಗೆ ಎರಡು ತುದಿ. ಇಷ್ಟು ವರ್ಷ ನಾವು ಬೈಯುತ್ತ ಬಂದದ್ದು ಸ್ಟೀರಿಂಗ್ ಹಿಡಿದ ತುದಿಯನ್ನು. ಅವರಲ್ಲಿ ಅನೇಕರಿಗೆ, ಕ್ಯಾಬ್ ಓಡಿಸುವವರಿಗೆ, ಊಟದ ಪೊಟ್ಟಣ ತರುವ ಹುಡುಗರಿಗೆ, ಕರೆ ಎತ್ತದೇ ಇದ್ದರೆ ಹೊಟ್ಟೆಪಾಡಿಗೆ ಪೆಟ್ಟು. ಪಕ್ಕದ ಸೀಟಿನವರು ಸರ್ಕಲ್ ಬಂದಾಗ ಮಾತು ನಿಲ್ಲಿಸುವುದು ರಸ್ತೆ ಕಾಣುವುದರಿಂದ. ಹಾಗಾದರೆ ಕಾಣದವರು ಕೇಳಿಯಾದರೂ ತಿಳಿದುಕೊಳ್ಳಬಹುದು: 'ಗಾಡಿ ಓಡಿಸ್ತಾ ಇದ್ದೀರಾ? ಸರಿ, ತಲುಪಿದ ಮೇಲೆ ನೀವೇ ಮಾಡಿ.' ಊಟ ತರಿಸಿಕೊಂಡವರಿಗಂತೂ ಕೇಳುವ ಅಗತ್ಯವೂ ಇಲ್ಲ, ಹುಡುಗ ಯಾವ ರಸ್ತೆಯಲ್ಲಿ ಬರುತ್ತಿದ್ದಾನೆ ಎಂದು ಅವರ ಮೊಬೈಲಿನ ನಕ್ಷೆಯೇ ತೋರಿಸುತ್ತಿರುತ್ತದೆ. ಆ ನಕ್ಷೆ ಮಾಡಿದ ಕಂಪನಿಗಳಿಗೆ, ಗಾಡಿ ಚಲಿಸುತ್ತಿರುವಾಗ ಗ್ರಾಹಕರ ಕರೆಯನ್ನು ತಡೆದು ನಿಂತ ಮೇಲೆ ತಲುಪಿಸುವುದು ದೊಡ್ಡ ಕೆಲಸವೇನಲ್ಲ. ಟೊರಾಂಟೊದ ಎರಡನೆಯ ಉತ್ತರವನ್ನು ಜಾರಿಗೆ ತರಲು ಹೊಸ ಕ್ಯಾಮೆರಾ ಬೇಕಾಗಿಲ್ಲ, ಕರೆ ಮಾಡುವವರು ಹತ್ತು ನಿಮಿಷ ಕಾದರೆ ಸಾಕು.